ಹೆಪ್ಪುಗಟ್ಟಿದ ಪೂಲು, ಹೋದ ಕರೆಂಟು

ಅಮೆರಿಕದ ಟೆಕ್ಸಾಸಿನ ಡಲ್ಲಾಸ್ ಕಡೆ ಹಿತ್ತಲಲ್ಲಿ ಈಜುವ ಪೂಲ್ ಇರುವವರು ಚಳಿಗಾಲಕ್ಕೆ ಅದನ್ನು ಮುಚ್ಚುವುದು ಕಡಿಮೆ. ಚಳಿ ಜಾಸ್ತಿಯಾದರೆ ಪಂಪ್ ತಾನಾಗಿಯೇ ಶುರುವಾಗುತ್ತದೆ, ಹರಿಯುವ ನೀರು ಪೈಪಿನಲ್ಲಿ ಬೇಗ ಗಟ್ಟಿಯಾಗುವುದಿಲ್ಲ. ಆದರೆ ಅದಕ್ಕೆ ಕರೆಂಟ್ ಬೇಕು ಅಲ್ವಾ? 2021ರ ಫೆಬ್ರವರಿ 15ರ ಬೆಳಗಿನ ಜಾವ ಅದೇ ಹೋಯಿತು.

ನನಗೆ ಎಚ್ಚರವಾಗಿದ್ದು ಪಂಪಿನ ಸದ್ದು ನಿಂತಿದ್ದಕ್ಕೆ. ಈಗ ಬರುತ್ತೆ, ಆಗ ಬರುತ್ತೆ ಅಂತ ಒಂದು ಗಂಟೆ ಕಾದೆ. ಕಾಯಬಾರದಿತ್ತು. ಪೂಲಿನ ನೀರು ಮೇಲೆ ಹೆಪ್ಪುಗಟ್ಟಿದರೆ ಅಷ್ಟೇನೂ ಭಯವಿಲ್ಲ, ಪಂಪು, ಫಿಲ್ಟರು, ಹೀಟರುಗಳ ಒಳಗೆ ನಿಂತ ನೀರೇ ಅಪಾಯ. ನೀರು ಐಸ್ ಆಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಒಳಗೆ ಜಾಗ ಇಲ್ಲದಿದ್ದರೆ ಒಡೆದೇ ಒಡೆಯುತ್ತದೆ.

ಮೊದಲು ಬ್ರೇಕರ್ ಆಫ್ ಮಾಡಿದೆ. ನೀರಿಲ್ಲದ ಪಂಪು ಕರೆಂಟ್ ಬಂದ ಕೂಡಲೇ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ಆಮೇಲೆ ಫಿಲ್ಟರಿನ ತಲೆಯ ಮೇಲಿನ ಗಾಳಿ ವಾಲ್ವ್ ತೆರೆದು, ಪಂಪಿನ ಕೆಳಗಿನ ಎರಡು ಬಿರಡೆ ಬಿಚ್ಚಿದೆ. ನೀರಿನ ಜೊತೆ ಐಸಿನ ಚೂರುಗಳೂ ಬಂದವು, ಅಂದರೆ ಒಳಗೆ ಆಗಲೇ ಗಟ್ಟಿಯಾಗತೊಡಗಿತ್ತು. ಹೀಟರಿನ ಬಿರಡೆಯೂ ಬಿಚ್ಚಿ ಬಂತು. ಫಿಲ್ಟರಿನ ಬಿರಡೆ ಮಾತ್ರ ಅಲ್ಲಾಡಲಿಲ್ಲ. ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹಚ್ಚಿ ನೀರು ಕಾಯಿಸಿ, ಟವೆಲ್ ಅದ್ದಿ ಅದಕ್ಕೆ ಸುತ್ತಿ, ಟಾರ್ಚ್ ಹಿಡಿದುಕೊಂಡ ಹೆಂಡತಿ ನಡುಗುತ್ತಾ ನಿಂತಿರಲು, ಮೂರನೇ ಸಲಕ್ಕೆ ಸಡಿಲವಾಯಿತು. ನಮ್ಮ ಪಂಪು ಪೂಲಿನ ನೀರಿಗಿಂತ ಎತ್ತರದಲ್ಲಿದೆ. ಕೆಳಗಿದ್ದರೆ ಮೊದಲು ವಾಲ್ವ್‌ಗಳನ್ನು ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಪೂಲಿನ ನೀರೇ ಹರಿದು ಬರುತ್ತಿರುತ್ತದೆ.

ಒಂದು ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ಜಲ್ಲಿ ತುಂಬಿ, ಮುಚ್ಚಳ ಬಿಗಿದು, ಸ್ಕಿಮ್ಮರಿನೊಳಗೆ (ತೇಲುವ ಕಸ ಹಿಡಿಯಲು ಪೂಲಿನ ಅಂಚಿನಲ್ಲಿರುವ ಗೂಡು) ಇಳಿಬಿಟ್ಟೆ. ಐಸ್ ಹಿಗ್ಗಿದರೆ ಬಾಟಲಿ ನಜ್ಜುಗುಜ್ಜಾಗಲಿ, ಸ್ಕಿಮ್ಮರ್ ಉಳಿಯಲಿ.

16ರ ಬೆಳಿಗ್ಗೆ ಮೈನಸ್ 19 ಡಿಗ್ರಿ ಸೆಲ್ಸಿಯಸ್. ಪೂಲಿನ ಮೇಲೆ ಎರಡು ಬೆರಳು ದಪ್ಪ ಐಸ್. ಸುತ್ತಿಗೆಯಿಂದ ಒಡೆಯಬೇಡಿ, ಆ ಏಟು ಟೈಲಿಗೆ ತಾಗುತ್ತದೆ. ಬಿಸಿನೀರಿನ ಪಾತ್ರೆಯ ತಳವನ್ನು ಐಸಿನ ಮೇಲೆ ಇಟ್ಟು ತೂತು ಮಾಡಿದೆ. ನಲ್ಲಿಯಲ್ಲೂ ನೀರು ನಿಂತಿತ್ತು, ಹಾಗಾಗಿ ಅದೇ ತೂತಿನಿಂದ ಬಕೆಟ್‌ನಲ್ಲಿ ಎತ್ತಿ ಟಾಯ್ಲೆಟ್ಟಿಗೆ ಸುರಿದೆವು. ಮಕ್ಕಳನ್ನು ಮಾತ್ರ ಹಿತ್ತಲಿಗೇ ಬಿಡಲಿಲ್ಲ. ಆ ಐಸ್ ಮೇಲೆ ಕಾಲಿಟ್ಟರೆ ಮುಗಿಯಿತು.

ಶನಿವಾರ ಬಿಸಿಲು ಬಂತು. ಬಿರಡೆಗಳನ್ನೆಲ್ಲ ಹಾಕಿ, ಪಂಪಿನ ಬುಟ್ಟಿಗೆ ನೀರು ತುಂಬಿ, ಸ್ವಿಚ್ ಹಾಕಿದೆ. ಫಿಲ್ಟರಿನ ಪ್ರೆಶರ್ ಗೇಜಿನಿಂದ ಸಣ್ಣಗೆ ನೀರು ಚಿಮ್ಮಿತು. ಅದನ್ನು ಬಿಚ್ಚಿಡಲು ಮರೆತಿದ್ದೆ, ಹೋದದ್ದು ಅದೊಂದೇ.

ಈಗ ಪ್ರತಿ ನವೆಂಬರಿನಲ್ಲಿ ಎಲ್ಲ ಬಿರಡೆಗಳನ್ನೂ ಒಮ್ಮೆ ಬಿಚ್ಚಿ, ರಬ್ಬರ್ ರಿಂಗಿಗೆ ಗ್ರೀಸ್ ಹಚ್ಚಿ, ಕೈಯಲ್ಲೇ ತಿರುಗುವಷ್ಟು ಬಿಗಿದಿಡುತ್ತೇನೆ.