ಮಾಳಿಗೆಯ ಮೇಲೊಂದು ಗಾಜಿನ ಪಟ್ಟಿ: ನಿಮ್ಮ ಓಣಿಯ ಪರಾಗ ನೀವೇ ಎಣಿಸಿ

ವಿಜಯಪುರದಲ್ಲಿ ಯಾರಾದರೂ ಸಾಲಾಗಿ ನಾಲ್ಕು ಸೀನು ಸೀನಿದರೆ ಪಕ್ಕದವರು ಹೇಳುವುದು ಒಂದೇ ಮಾತು: "ನಮ್ಮೂರ ಧೂಳ ಹಂಗ ಐತಿ ಬಿಡ್ರಿ." ಧೂಳಿನ ತಪ್ಪು ಇದ್ದೇ ಇದೆ. ಆದರೆ ಧೂಳು ವರ್ಷಪೂರ್ತಿ ಇರುತ್ತದೆ, ಸೀನು ಹಾಗಲ್ಲ. ಕೆಲವರಿಗೆ ಅದು ಆಗಸ್ಟ್‌ನಲ್ಲಿ ಶುರುವಾದರೆ, ಇನ್ನು ಕೆಲವರಿಗೆ ಎಳ್ಳು ಅಮಾವಾಸ್ಯೆಯ ಆಸುಪಾಸು. ವರ್ಷ ವರ್ಷವೂ ಅದೇ ತಿಂಗಳಿಗೆ ಮೂಗು ಸೋರುತ್ತಿದೆ, ಜ್ವರ ಇಲ್ಲ, ಕಣ್ಣು ತುರಿಸುತ್ತದೆ, ವಾರಗಟ್ಟಲೆ ನಿಲ್ಲುವುದೇ ಇಲ್ಲ ಅಂದರೆ ಹೂವಿನ ಪರಾಗದ ಮೇಲೆ ಅನುಮಾನ ಪಡಬೇಕು.

ಇಬ್ರಾಹಿಂಪುರದಲ್ಲಿ ಗಾಳಿಯ ಗುಣಮಟ್ಟ ಅಳೆಯುವ ಕೇಂದ್ರವಿದೆ, ಅದರ ಅಂಕಿ ಮೊಬೈಲ್‌ನಲ್ಲೇ ಸಿಗುತ್ತದೆ ಅಲ್ವಾ ಎಂದು ನೀವು ಕೇಳಬಹುದು. ಸಿಗುತ್ತದೆ, ಆದರೆ ಅದು ಈ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಅಳೆಯುವ ಕಣಗಳು 10 ಮೈಕ್ರಾನ್‌ ಮತ್ತು ಅದಕ್ಕಿಂತ ಸಣ್ಣವು (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಂದರೆ ಒಂದು ಮೈಕ್ರಾನ್). ಹುಲ್ಲಿನ ಜಾತಿಯ ಪರಾಗ ಸಾಮಾನ್ಯವಾಗಿ 20 ಮೈಕ್ರಾನ್ ದಾಟುತ್ತದೆ. ಹಾಗಾಗಿ ಆ್ಯಪ್ ಹಸಿರು ತೋರಿಸುವ ದಿನವೂ ನಿಮ್ಮ ಕರವಸ್ತ್ರ ಒದ್ದೆಯಾಗಿರಬಹುದು. ಪರಾಗದ ಲೆಕ್ಕ ಬೇಕಿದ್ದರೆ ನಾವೇ ಇಡಬೇಕು. ಅದು ಕಷ್ಟವೇನಲ್ಲ.

ಮೊದಲು ಯಾರ ಮೇಲೆ ಅನುಮಾನ ಎಂದು ಗೊತ್ತುಮಾಡಿಕೊಳ್ಳಿ

ಮನೆಯ ಸುತ್ತ ಒಂದು ಸುತ್ತು ಹಾಕಿ. ಕಣ್ಣಿಗೆ ಹೊಡೆಯುವ ಬಣ್ಣದ ಹೂವು ಸಾಮಾನ್ಯವಾಗಿ ಕಳ್ಳನಲ್ಲ. ಸೂರ್ಯಕಾಂತಿ, ಚೆಂಡು ಹೂ, ತೊಗರಿಯ ಹೂವಿನ ಪರಾಗ ಜೇನ್ನೊಣದ ಕಾಲಿಗೆ ಅಂಟಿಕೊಂಡು ಹೋಗುತ್ತದೆ, ಗಾಳಿಗೆ ಹಾರುವುದು ಕಡಿಮೆ. ತೊಂದರೆ ಕೊಡುವುದು ಯಾರೂ ತಿರುಗಿ ನೋಡದ ಹೂವುಗಳು.

ಅವುಗಳಲ್ಲಿ ಮೊದಲನೆಯದು ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಅಮೆರಿಕ ಖಂಡದ ಕಳೆ ಈಗ ಇಲ್ಲದ ಖಾಲಿ ಸೈಟೇ ಇಲ್ಲ. ಮಳೆ ಬಿದ್ದು ಮೊಳೆತು, ಒಂದು ತಿಂಗಳಾಗುವಷ್ಟರಲ್ಲಿ ಬಿಳಿ ಹೂವು ಬಿಡುತ್ತದೆ. ಗಟಾರದ ಪಕ್ಕ, ಕಾಲುವೆ ದಂಡೆಯಂಥ ಹಸಿ ಜಾಗದಲ್ಲಿ ಬೇಸಿಗೆಯಲ್ಲೂ ಹೂವು ನಿಲ್ಲುವುದಿಲ್ಲ. ಎರಡನೆಯದು ಊರ ಅಂಚಿನ ಬಳ್ಳಾರಿ ಜಾಲಿ. ಇನ್ನು ಮೂರನೆಯದನ್ನು ಹೇಳಿದರೆ ನಮ್ಮವರಿಗೆ ಸಿಟ್ಟು ಬರಬಹುದು: ಬಿಳಿಜೋಳ.

ಡೋಣಿ ನದಿ ಸಾಲಿನ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿದ ಎರಡು, ಎರಡೂವರೆ ತಿಂಗಳಿಗೆ ತೆನೆ ಹೂವಾಡುತ್ತದೆ. ಹತ್ತಿರ ಹೋಗಿ ನೋಡಿ. ತೆನೆಯ ತುದಿಯಿಂದ ಶುರುವಾಗಿ ದಿನಕ್ಕಷ್ಟು ಕೆಳಗಿಳಿಯುತ್ತಾ, ಸಣ್ಣ ಹಳದಿ ಕೇಸರಗಳು ನೂಲಿನಲ್ಲಿ ಕಟ್ಟಿದಂತೆ ಜೋತಾಡುತ್ತವೆ. ಹೂವು ಅರಳುವುದು ಮಧ್ಯರಾತ್ರಿಯಿಂದ ಬೆಳಗಿನ ನಡುವೆ. ಬೆಳಿಗ್ಗೆ ತೆನೆಗೆ ಒಂದು ಏಟು ಕೊಟ್ಟರೆ ಹಳದಿ ಪುಡಿ ಹೊಗೆಯಂತೆ ಏಳುತ್ತದೆ. ತಡವಾಗಿ ಬಿತ್ತಿದ ಹೊಲಗಳಲ್ಲಿ ಎಳ್ಳು ಅಮಾವಾಸ್ಯೆಯ ಚರಗ ಚೆಲ್ಲುವ ಹೊತ್ತಿಗೂ ಹೂವು ಮುಗಿದಿರುವುದಿಲ್ಲ. ಅಲ್ಲೇ ಕೂತು ಸಜ್ಜೆ ಕಡುಬು, ಭಜ್ಜಿ ಉಂಡು ಬಂದು, ಮರುದಿನ "ಥಂಡಿ ಹತ್ತೇತಿ" ಅನ್ನುವವರಲ್ಲಿ ಕೆಲವರಿಗೆ ಹತ್ತಿದ್ದು ಥಂಡಿ ಅಲ್ಲ.

ಮುಂದೆ ರಾಶಿಯ ಕಾಲದಲ್ಲಿ ಮೈ ತುರಿಸುವ ಸುಂಕು ಬೇರೆ ವಿಷಯ. ಅದು ಪರಾಗವಲ್ಲ, ತೆನೆಯ ಹೊಟ್ಟಿನ ಧೂಳು. ಮೂಗಿಗೆ ಎರಡೂ ಒಂದೇ ಅನಿಸಬಹುದು, ಲೆಕ್ಕದಲ್ಲಿ ಮಾತ್ರ ಬೇರೆ ಬೇರೆ ಬರೆಯಿರಿ.

ಪಟ್ಟಿ ಇಡುವುದು

ಬೇಕಾದದ್ದು ಸೂಕ್ಷ್ಮದರ್ಶಕಕ್ಕೆ ಬಳಸುವ ಗಾಜಿನ ಸ್ಲೈಡು, ವ್ಯಾಸಲೀನು, ಎರಡು ಸ್ಟೀಲ್ ತಾಟು. ಗಾಳಿಯ ಪರಾಗ ಹಿಡಿಯಲು 1946ರಿಂದ ಬಳಕೆಯಲ್ಲಿರುವ ಡರ್ಹಾಮ್ ಪದ್ಧತಿಯ ಮನೆ ಅವತಾರ ಇದು. ಒಂದು ತಾಟು ಕೆಳಗೆ, ಇನ್ನೊಂದು ಮೂರು ಇಂಚು ಮೇಲೆ ಚಾವಣಿಯಂತೆ. ನಡುವೆ ಒಂದಿಂಚು ಎತ್ತರದ ಆಸರೆಯ ಮೇಲೆ ಸ್ಲೈಡು. ಮೇಲಿನ ತಾಟು ಮಳೆ ತಡೆಯುತ್ತದೆ, ಗಾಳಿ ಪಕ್ಕದಿಂದ ಹಾಯುತ್ತದೆ. ವ್ಯಾಸಲೀನನ್ನು ಬೆರಳಲ್ಲಿ ತೀರಾ ತೆಳ್ಳಗೆ ಸವರಿ. ದಪ್ಪವಾದರೆ ಆಮೇಲೆ ಏನೂ ಕಾಣುವುದಿಲ್ಲ.

ಮಾಳಿಗೆಯ ಮೇಲೆ, ಅಡುಗೆ ಮನೆಯ ಹೊಗೆ ತಾಗದ ಕಡೆ ಇಡಿ. ನಮ್ಮ ಗಾಳಿ ಗೊತ್ತಲ್ಲ, ತಾಟಿಗೆ ಇಟ್ಟಿಗೆಯ ಭಾರ ಇರಲಿ. ಬೆಳಿಗ್ಗೆ ಎಂಟಕ್ಕೆ ಇಟ್ಟರೆ ಮರುದಿನ ಎಂಟಕ್ಕೆ ತೆಗೆಯಿರಿ. ಅಂಚಿನಲ್ಲಿ ತಾರೀಖು ಬರೆದು ಮುಚ್ಚಿದ ಡಬ್ಬಿಯಲ್ಲಿಡಿ.

ಎಣಿಸುವುದು

ಇಲ್ಲಿ ಸೂಕ್ಷ್ಮದರ್ಶಕ ಬೇಕು. ಪರಿಚಯದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕೇಳಿ ನೋಡಿ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೂ ಆಗುತ್ತದೆ ಅಂದರೆ ಇಲ್ಲ ಅನ್ನಲಾರರು. ಬೇಸಿಕ್ ಫುಕ್ಸಿನ್ ಬಣ್ಣ ಬೆರೆಸಿದ ಗ್ಲಿಸರಿನ್ ಜೆಲ್ಲಿಯ ಒಂದು ಚೂರನ್ನು ಬಿಸಿ ಮಾಡಿ ಸ್ಲೈಡಿನ ಮೇಲೆ ಹಾಕಿ, ಕವರ್ ಸ್ಲಿಪ್ ಮುಚ್ಚಿದರೆ ಪರಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎರೆ ಮಣ್ಣಿನ ಕಣ ಕಪ್ಪಗೆ, ಮೂಲೆ ಮೂಲೆಯಾಗಿ ಹಾಗೇ ಉಳಿಯುತ್ತದೆ. ಧೂಳಿನ ಊರಿನಲ್ಲಿ ಈ ಬಣ್ಣ ಇಲ್ಲದೆ ಎಣಿಸಲು ಹೋದರೆ ಕಣ್ಣು ಕೆಟ್ಟೀತು ಅಷ್ಟೆ.

ಗುರುತು ಹಿಡಿಯಲು ಒಂದು ಉಪಾಯವಿದೆ. ಜೋಳ, ಕಾಂಗ್ರೆಸ್ ಕಸ, ಜಾಲಿ, ಹುಲ್ಲು, ಒಂದೊಂದರ ಹೂವನ್ನೂ ಬೇರೆ ಬೇರೆ ಸ್ಲೈಡಿನ ಮೇಲೆ ಕೊಡವಿ ಮೊದಲೇ ಮಾದರಿ ಮಾಡಿಟ್ಟುಕೊಳ್ಳಿ. ಜೋಳ ಮತ್ತು ಹುಲ್ಲಿನ ಪರಾಗ ನುಣ್ಣಗೆ ದುಂಡಗಿದ್ದು ಒಂದೇ ಒಂದು ರಂಧ್ರವಿರುತ್ತದೆ. ಅವೆರಡನ್ನು ಬೇರೆ ಮಾಡಲು ಒದ್ದಾಡಬೇಡಿ, ಒಂದೇ ಕಾಲಂನಲ್ಲಿ ಬರೆಯಿರಿ. ಕಾಂಗ್ರೆಸ್ ಕಸದ್ದು ಚಿಕ್ಕದು, ಮೈತುಂಬಾ ಗಿಡ್ಡ ಮುಳ್ಳು.

ಪ್ರತಿದಿನವೂ ಅಷ್ಟೇ ಜಾಗ ನೋಡಿ. ಉದಾಹರಣೆಗೆ, ಸ್ಲೈಡಿನ 20 ಕಡೆ. ಪಕ್ಕದಲ್ಲಿ ಗಾಳಿ, ಮಳೆ ಮತ್ತು ಆ ದಿನ ಮೂಗು ಎಷ್ಟು ಕಾಡಿತು ಎಂದು ಬರೆಯಿರಿ. ಈ ಪದ್ಧತಿಯಲ್ಲಿ ದಪ್ಪ ಕಣಗಳು ಜಾಸ್ತಿ ಬೀಳುತ್ತವೆ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಪರಾಗವಿದೆ ಎಂದು ಹೇಳಲು ಬರುವುದಿಲ್ಲ. ಅದಕ್ಕೆ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆಯುವ ಯಂತ್ರ ಬೇಕು. ನಿನ್ನೆಗಿಂತ ಇವತ್ತು ಜಾಸ್ತಿಯೋ ಕಡಿಮೆಯೋ ಎಂದು ತಿಳಿಯಲು ನಮ್ಮ ತಾಟು ಸಾಕು.

ಲೆಕ್ಕ ಸಿಕ್ಕ ಮೇಲೆ

ಸಂಖ್ಯೆ ಏರುವ ವಾರಗಳಲ್ಲಿ ಬೆಳಗಿನ ವಾಕಿಂಗನ್ನು ಸಂಜೆಗೆ ಬದಲಿಸಿ ನೋಡಿ. ಬಟ್ಟೆ ಒಳಗೆ ಒಣಗಿಸಿ. ಬೈಕಿನಲ್ಲಿ ಹೋಗುವಾಗ ಮಾಸ್ಕು, ಕನ್ನಡಕ. ಹೊರಗಿಂದ ಬಂದು ಮುಖ ಮತ್ತು ತಲೆಕೂದಲು ತೊಳೆದರೆ ದಿಂಬಿಗೆ ಪರಾಗ ಅಂಟುವುದಿಲ್ಲ. ಮೂಗನ್ನು ಉಪ್ಪುನೀರಿನಿಂದ ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಕಾಂಗ್ರೆಸ್ ಕಸ ಕೀಳುವುದಿದ್ದರೆ ಹೂವು ಬಿಡುವ ಮುಂಚೆ, ಕೈಗವಸು ಹಾಕಿಕೊಂಡು, ಬೇರುಸಮೇತ. ಅಲರ್ಜಿ ಇದ್ದವರು ಈ ಕೆಲಸಕ್ಕೆ ಇಳಿಯಲೇಬಾರದು.

ಔಷಧಿ ಅಂಗಡಿಯಲ್ಲಿ ಸುಮ್ನೆ ಸಿಗುವ ಮೂಗು ಬಿಡಿಸುವ ಡ್ರಾಪ್ಸನ್ನು ವಾರಗಟ್ಟಲೆ ಹಾಕಿಕೊಂಡರೆ ಮೂಗು ಇನ್ನಷ್ಟು ಕಟ್ಟುತ್ತದೆ. ಡಾಕ್ಟರು ಬರೆದುಕೊಡುವ ಸ್ಟಿರಾಯ್ಡ್ ಸ್ಪ್ರೇ ಬೇರೆ. ಅದು ಪೂರ್ತಿ ಕೆಲಸ ಮಾಡಲು ಕೆಲವು ದಿನ ಹಿಡಿಯುತ್ತದೆ. ನೀವು ಲೆಕ್ಕ ಬರೆದಿಟ್ಟ ಪುಸ್ತಕ ಉಪಯೋಗಕ್ಕೆ ಬರುವುದು ಇಲ್ಲೇ. ಕಳೆದ ವರ್ಷ ಯಾವ ವಾರ ಸಂಖ್ಯೆ ಏರಿತ್ತು ಎಂದು ತೋರಿಸಿದರೆ, ಈ ವರ್ಷ ಅದಕ್ಕೂ ಮುಂಚೆಯೇ ಶುರು ಮಾಡೋಣವೇ ಎಂದು ಡಾಕ್ಟರನ್ನು ಕೇಳಬಹುದು. ಎದೆಯಲ್ಲಿ ಗೊರಗೊರ ಸದ್ದು ಅಥವಾ ಉಬ್ಬಸ ಬಂದರೆ ಪುಸ್ತಕ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ಯಾವ ಪರಾಗ ಎಂದು ಖಚಿತಪಡಿಸಲು ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಇದೆ. ಅದಕ್ಕೆ ಹೋಗುವ ಮುನ್ನ ಅಲರ್ಜಿ ಮಾತ್ರೆಯನ್ನು ಎಷ್ಟು ದಿನ ನಿಲ್ಲಿಸಬೇಕು ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಮಾತ್ರೆ ನುಂಗಿಕೊಂಡು ಹೋದರೆ ಚರ್ಮ ಏನನ್ನೂ ತೋರಿಸುವುದಿಲ್ಲ, ಇನ್ನೊಮ್ಮೆ ಹೋಗಬೇಕಾಗುತ್ತದೆ.