ವೆಲ್ಡಿಂಗ್ ಬೆಳಕಿನಿಂದ ಕಣ್ಣು, ಚರ್ಮ ಕಾಪಾಡಿಕೊಳ್ಳುವುದು ಹೇಗೆ?

ಹಗಲು ವೆಲ್ಡಿಂಗ್ ಮಾಡಿದವರಿಗೆ ನಡುರಾತ್ರಿ ಕಣ್ಣಿಗೆ ಮರಳು ಎರಚಿದಂತೆ ಉರಿ ಏಳುತ್ತದೆ. ಕಾರಣ ನೇರಳಾತೀತ ಕಿರಣ. ಅದು ತಗುಲಿದಾಗ ಏನೂ ಗೊತ್ತಾಗುವುದಿಲ್ಲ. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ) ಮೇಲ್ಪದರ ಬೆಂದು, ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ ನೋವು ಶುರುವಾಗುತ್ತದೆ. ‘ಒಂದೇ ಟ್ಯಾಕ್ (ಚುಕ್ಕೆ ಬೆಸುಗೆ) ತಾನೆ’ ಎಂದು ಮುಖ ಮರೆಮಾಡುವ ಕಪ್ಪು ಗಾಜಿನ ಶೀಲ್ಡ್ ಪಕ್ಕಕ್ಕಿಟ್ಟು ರಾಡ್ ತಾಗಿಸುವ ಚಾಳಿ ಮೊದಲು ಬಿಡಬೇಕು.

ಕೆಲಸಕ್ಕೆ ಇಳಿಯುವ ಮುನ್ನ ಆಂಪಿಯರ್ ನೋಡಿ ಗಾಜು ಆರಿಸಿಕೊಳ್ಳಿ. ಗಾಜಿನ ಕಪ್ಪಿನ ಅಳತೆಯೇ ಶೇಡ್, ಅಂಕಿ ಏರಿದಷ್ಟೂ ಕಪ್ಪು ಹೆಚ್ಚು. ರಾಡ್ ವೆಲ್ಡಿಂಗ್‌ನಲ್ಲಿ 60ರಿಂದ 160 ಆಂಪಿಯರ್‌ವರೆಗೆ ಶೇಡ್ 10, 160ರಿಂದ 250ರವರೆಗೆ ಶೇಡ್ 12 ಸರಿಹೋಗುತ್ತದೆ. ಟಿಗ್‌ನಲ್ಲಿ (ಟಂಗ್‌ಸ್ಟನ್ ಕಡ್ಡಿ ಬಳಸುವ ವೆಲ್ಡಿಂಗ್) 50ರಿಂದ 150 ಆಂಪಿಯರ್‌ಗೇ 12 ಬೇಕು. ಮೊದಲು ಹೆಚ್ಚು ಕಪ್ಪಿನ ಗಾಜು ಹಾಕಿ. ಕರಗಿದ ಲೋಹದ ಅಂಚು ಕಾಣದಿದ್ದರೆ ಒಂದೊಂದೇ ಶೇಡ್ ಇಳಿಸಿ. ಆದರೆ ಈ ಎರಡು ರಾಡ್ ಹಂತಗಳಲ್ಲಿ ಕ್ರಮವಾಗಿ 8 ಮತ್ತು 10ಕ್ಕಿಂತ ಕೆಳಗೆ ಬೇಡ. ಗ್ಯಾಸ್ ಕಟಿಂಗ್ ಕನ್ನಡಕದ ಶೇಡ್ ಹೆಚ್ಚೆಂದರೆ 5 ಅಥವಾ 6. ಅದನ್ನು ಆರ್ಕ್‌ಗೆ (ವೆಲ್ಡಿಂಗ್‌ನ ವಿದ್ಯುತ್ ಜ್ವಾಲೆಗೆ) ಹಾಕಬೇಡಿ, ತಂಪು ಕನ್ನಡಕವನ್ನಂತೂ ಹಾಕಲೇಬೇಡಿ.

ಗಾಜು ಸರಿಯಿದ್ದರೆ ಸಾಲದು, ಶೀಲ್ಡನ್ನೂ ಪರೀಕ್ಷಿಸಿ. ಮುಖಕ್ಕೆ ಹಿಡಿದು ಉರಿಯುವ ಬಲ್ಬಿನ ಕಡೆ ತಿರುಗಿ. ಗಾಜಿನ ಸುತ್ತ ಕೂದಲೆಳೆಯಷ್ಟು ಬೆಳಕು ಇಣುಕಿದರೂ ಗಾಜು ಸರಿಯಾಗಿ ಕೂತಿಲ್ಲ, ಇಲ್ಲವೇ ಚೌಕಟ್ಟು ಬಿರುಕು ಬಿಟ್ಟಿದೆ ಎಂದರ್ಥ. ಟೇಪ್ ಸುತ್ತಿ ಕೆಲಸ ಸಾಗಿಸಬೇಡಿ, ಬದಲಾಯಿಸಿ. ಹೊರಗಿನ ಬಿಳಿ ಗಾಜಿಗೆ ಕಿಡಿ ಮೆತ್ತಿದ್ದರೆ ಆ ಗಾಜನ್ನೂ ಬದಲಾಯಿಸಿ. ಮಸುಕಾದ ಗಾಜಿನಲ್ಲಿ ಕಾಣದೆ ಕೈ ತಾನಾಗಿ ಶೀಲ್ಡ್ ಎತ್ತುತ್ತದೆ.

ಆರ್ಕ್ ಹೊತ್ತಿದೊಡನೆ ಗಾಜು ತಾನೇ ಕಪ್ಪಾಗುವ ಆಟೋ ಶೀಲ್ಡ್ ಬಳಸುವವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಗಾಜು ಕಪ್ಪಾದರೆ ಮಾತ್ರ ರಕ್ಷಣೆ ಎಂದು. ಒಳ್ಳೆಯ ಗುಣಮಟ್ಟದ ಫಿಲ್ಟರ್, ಬ್ಯಾಟರಿ ಸತ್ತಿದ್ದರೂ ನೇರಳಾತೀತ ಕಿರಣವನ್ನು ತಡೆಯುತ್ತದೆ. ಆದರೆ ಆಗ ಕಣ್ಣು ಕೋರೈಸುವ ಬೆಳಕು ನೇರ ರೆಟಿನಾ ತಲುಪುತ್ತದೆ. ಪೈಪ್ ಅಥವಾ ನಿಮ್ಮದೇ ಕೈ ಆರ್ಕ್ ಬೆಳಕನ್ನು ಗುರುತಿಸುವ ಸೆನ್ಸರ್‌ಗೆ ಅಡ್ಡ ಬಂದರೆ, ಟಿಗ್‌ನಲ್ಲಿ ಆಂಪಿಯರ್ ತೀರಾ ಕಡಿಮೆಯಿದ್ದರೆ ಗಾಜು ಮಿನುಗುತ್ತದೆ. ಸೆನ್ಸಿಟಿವಿಟಿ ಏರಿಸಿ, ಸೆನ್ಸರ್ ಒರೆಸಿ.

ಶೀಲ್ಡ್ ಒಳಗೂ ಪಕ್ಕದ ಮರೆಯಿರುವ ಪಾಲಿಕಾರ್ಬೊನೇಟ್ ಕನ್ನಡಕ ಇರಲಿ. ಪಕ್ಕದವನ ಆರ್ಕ್ ಹಿಂದಿನಿಂದ ಬಂದು ಶೀಲ್ಡ್‌ನ ಒಳಮೈಗೆ ಬಡಿದು ಕಣ್ಣಿಗೇ ಬರುತ್ತದೆ.

ಚರ್ಮದ ವಿಷಯದಲ್ಲಿ ಜನ ಉದಾಸೀನ ಮಾಡುವ ಜಾಗ ಕತ್ತು. ಮೇಲಿನ ಗುಂಡಿ ಬಿಚ್ಚಿದ್ದರೆ ಅಷ್ಟೇ ಆಕಾರಕ್ಕೆ ಚರ್ಮ ಕೆಂಪಾಗುತ್ತದೆ. ದಟ್ಟ ನೇಯ್ಗೆಯ, ಗಾಢ ಬಣ್ಣದ ಹತ್ತಿ ಅಂಗಿ, ಚರ್ಮದ ಗ್ಲೌಸ್ ಹಾಕಿ. ತಿಳಿ ಬಣ್ಣ ಕಿರಣವನ್ನು ಶೀಲ್ಡ್ ಒಳಕ್ಕೆ ಪ್ರತಿಫಲಿಸುತ್ತದೆ. ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಕೆಲಸದಲ್ಲಿ ಪ್ರತಿಫಲನ ಇನ್ನೂ ಜೋರು. ವೆಲ್ಡಿಂಗ್‌ನ ನೇರಳಾತೀತ ಕಿರಣವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ (ಖಚಿತವಾಗಿ ಕ್ಯಾನ್ಸರ್ ತರುವಂಥವು) ಸೇರಿಸಿದೆ.

ಇನ್ನು ಅಕ್ಕಪಕ್ಕದವರು. ಕೆಲಸದ ಸುತ್ತ ಬೆಂಕಿ ಹತ್ತದ ವೆಲ್ಡಿಂಗ್ ಪರದೆ ಕಟ್ಟಿ, ಗಾಳಿಯಾಡಲು ಕೆಳಗೆ ಸುಮಾರು 60 ಸೆಂಟಿಮೀಟರ್ ಬಿಡಿ. ನೆಲಮಟ್ಟದ ಕೆಲಸವಾದರೆ ಪರದೆ ಕೆಳಗಿಳಿಸಿ. ಗೋಡೆಗೆ ಹೊಳಪಿಲ್ಲದ ಬಣ್ಣ ಬಳಿಯಿರಿ. ಕೆಲಸದ ತುಂಡು ಹಿಡಿದುಕೊಳ್ಳುವ ಹೆಲ್ಪರ್‌ಗೂ ಶೀಲ್ಡ್ ಬೇಕು, ಮುಖ ತಿರುಗಿಸಿಕೊಂಡರೆ ಸಾಲದು. ಟ್ರೈಕ್ಲೋರೋಎಥಿಲೀನ್‌ನಂಥ ಕ್ಲೋರಿನ್‌ಯುಕ್ತ ದ್ರಾವಕಗಳನ್ನು ಹತ್ತಿರ ಇಡಬೇಡಿ. ಅವುಗಳ ಆವಿ ಆರ್ಕ್ ಕಿರಣಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಇಷ್ಟಾಗಿಯೂ ಕಣ್ಣಿಗೆ ಬಡಿದರೆ ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ಕತ್ತಲ ಕೋಣೆಯಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿ, ಕಣ್ಣಿನ ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ಗುಣವಾಗುತ್ತದೆ. ತಪಾಸಣೆಗೆಂದು ವೈದ್ಯರು ಹಾಕುವ ಮರಗಟ್ಟಿಸುವ ಹನಿ ತಕ್ಷಣ ಹಾಯೆನಿಸುತ್ತದೆ, ಅದನ್ನೇ ಮನೆಗೆ ತಂದು ಹಾಕಿಕೊಳ್ಳುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಕಾರ್ನಿಯಾದ ಗಾಯ ಮಾಯುವುದಿಲ್ಲ.