ಮೈಸೂರಲ್ಲಿ ಕೂತು ಅಘನಾಶಿನಿ ಅಳಿವೆ ನೋಡುತ್ತಿದ್ದೇನೆ: ನನ್ನ ಅನುಭವ

ನನ್ನ ಮನೆ ಇರೋದು ಮೈಸೂರಿನಲ್ಲಿ. ಉಪಗ್ರಹದ ಚಿತ್ರ ಇಟ್ಟುಕೊಂಡು ನಾನು ಗಮನಿಸುವುದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನು. ಶಿರಸಿ ಕಡೆ ಹುಟ್ಟಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ತದಡಿ ಹತ್ತಿರ ಸಮುದ್ರ ಸೇರುವ ಹೊಳೆ ಅದು. ಕಾಂಡ್ಲಾ ಗಿಡ (ಮ್ಯಾಂಗ್ರೋವ್), ಕೆಸರು ದಿಬ್ಬ, ಚಿಪ್ಪಿ ಆಯುವ ಜನ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ, ಹೊಳೆ ದಡದ ತಗ್ಗಿನ ಗಜನಿ ಗದ್ದೆ ಎಲ್ಲ ಅಲ್ಲಿವೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಮೊದಮೊದಲು ಎರಡು ಚಿತ್ರ ಅಕ್ಕಪಕ್ಕ ಇಟ್ಟು ನೋಡಿದಾಗ ಎದೆ ಧಸಕ್ ಅಂದಿತ್ತು. ಡಿಸೆಂಬರಿನ ಚಿತ್ರದಲ್ಲಿ ಹೊಳೆ ನಡುವೆ ಉದ್ದಕ್ಕೆ ಮಲಗಿದ್ದ ಕೆಸರು ದಿಬ್ಬ ಫೆಬ್ರವರಿಯ ಚಿತ್ರದಲ್ಲಿ ಇಲ್ಲವೇ ಇಲ್ಲ. ಯಾರಾದರೂ ಬಗೆದರಾ? ಹೊಳೆಯೇ ಕೊಚ್ಚಿಕೊಂಡು ಹೋಯಿತಾ? ಮಳೆ ನಿಂತು ಎಷ್ಟೋ ದಿನ ಆದ ಮೇಲೆ ಹೊಳೆಗೆ ಅಷ್ಟು ಕಸುವು ಎಲ್ಲಿಂದ ಬರಬೇಕು? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಸಮುದ್ರದ ನೀರು ಏರಿಳಿಯುವ ಭರತ-ಇಳಿತದ ಪಟ್ಟಿ ತೆಗೆದು ನೋಡಿದೆ. ಮೊದಲ ಚಿತ್ರ ಇಳಿತದ ಹೊತ್ತಿನದು, ಎರಡನೆಯದು ಭರತದ್ದು. ದಿಬ್ಬ ನೀರಿನ ಕೆಳಗೆ ಹಾಗೇ ಇತ್ತು.

ಸೆಂಟಿನೆಲ್-2 ಉಪಗ್ರಹ ನಮ್ಮ ಕಡೆ ಹಾದುಹೋಗುವುದು ಬೆಳಗ್ಗೆ 11ರ ಆಸುಪಾಸಿನಲ್ಲಿ. ಅದರ ಹೊತ್ತು ತಪ್ಪುವುದಿಲ್ಲ. ಭರತದ ಹೊತ್ತು ಮಾತ್ರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಒಂದೊಂದು ಚಿತ್ರದಲ್ಲಿ ಒಂದೊಂದು ಮಟ್ಟದ ನೀರು. ಎಲ್ಲಕ್ಕಿಂತ ದೊಡ್ಡ ಇಳಿತ ಆ ಹೊತ್ತಿಗೇ ಬೀಳಬೇಕು ಅಂತಲೂ ಇಲ್ಲ ಅಲ್ವಾ?

ಅಲ್ಲಿಗೆ ಅಳಿವೆಯನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು ಮನೆ ಹತ್ತಿರದ ನೀರಿಗೆ ಬಂದೆ, ಕೆಆರ್‌ಎಸ್ ಹಿನ್ನೀರಿಗೆ. ಮಂಡ್ಯ-ಮೈಸೂರಿನವರಿಗೆ ಕಟ್ಟೆ ನೀರಿನ ಲೆಕ್ಕ ಹೇಳಿಕೊಡಬೇಕಿಲ್ಲ. ಪೇಪರ್ ಬಿಚ್ಚಿದ ಕೂಡಲೇ ಇವತ್ತು ಎಷ್ಟಡಿ ಅಂತ ನೋಡುವವರು ನಾವು. ಭರ್ತಿ ಅಂದರೆ 124.80 ಅಡಿ, ಮಕ್ಕಳಿಗೂ ಗೊತ್ತು. ಆ ಮಟ್ಟಗಳನ್ನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದೆ. ಆಮೇಲೆ ಮಟ್ಟ ಒಂದೇ ಇದ್ದ ದಿನಗಳ ಚಿತ್ರಗಳನ್ನು ಮಾತ್ರ ಜೋಡಿ ಮಾಡಿದೆ. ಬೇರೆ ಬೇರೆ ವರ್ಷ, ಆದರೆ ನೀರು ಅಷ್ಟೇ. ಆಗ ದಡದಲ್ಲಿ ಏನಾದರೂ ಬೇರೆ ಕಂಡರೆ ಅದು ನಿಜವಾದ ಬದಲಾವಣೆ. ನನ್ನ ಕೆಲಸಕ್ಕೆ ಬುನಾದಿ ಸಿಕ್ಕಿದ್ದು ಇಲ್ಲೇ.

ನೀರನ್ನು ನೆಲದಿಂದ ಬೇರೆ ಮಾಡುವುದು ಹೀಗೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನೀರು ಕುಡಿದುಬಿಡುತ್ತದೆ, ಹಸಿರೆಲೆ ಜೋರಾಗಿ ವಾಪಸ್ ಎಸೆಯುತ್ತದೆ. ಹಸಿರು ಬೆಳಕಿನ ಅಳತೆಯಿಂದ ಇನ್‌ಫ್ರಾರೆಡ್ ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸಾಮಾನ್ಯವಾಗಿ ನೀರಿಗೆ ಸೊನ್ನೆಗಿಂತ ಜಾಸ್ತಿ ಬರುತ್ತದೆ, ಒಣ ನೆಲಕ್ಕೆ ಕಮ್ಮಿ. ಇದಕ್ಕೆ ಎನ್‌ಡಿಡಬ್ಲ್ಯುಐ ಅಂತಾರೆ. ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಒಂದು ಸಾಲು ಬರೆದರೆ ಆಯಿತು. ಚಿತ್ರವೂ ಪುಕ್ಕಟೆ, ತಂತ್ರಾಂಶವೂ ಪುಕ್ಕಟೆ. ಕಷ್ಟ ಇರೋದು ಒದ್ದೆ ಕೆಸರಿನ ಹತ್ತಿರ. ಅದು ಅತ್ತ ನೀರೂ ಅಲ್ಲ, ಇತ್ತ ನೆಲವೂ ಅಲ್ಲ. ಅಂತರಗಂಗೆ ಹಬ್ಬಿದ ನೀರಂತೂ ಲೆಕ್ಕದಲ್ಲಿ ನೆಲದ ಹಾಗೇ ಬರುತ್ತದೆ.

2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಮುಂದಿನ ವರ್ಷದ ಆರಂಭದಲ್ಲಿ ಮೀನಾಕ್ಷಿಪುರದ ಕಡೆಯ ಚಿತ್ರದಲ್ಲಿ, ನೀರು ಸರಿದ ಜಾಗದಲ್ಲಿ ದಟ್ಟ ಹಸಿರು ಕಂಡಿತು. ಜೊಂಡು ಬೆಳೆದಿದೆ, ಹಕ್ಕಿಗಳಿಗೆ ಒಳ್ಳೆಯದಾಯಿತು ಅಂದುಕೊಂಡು ಭಾನುವಾರ ಬೈಕ್ ಹತ್ತಿದೆ. ಅಲ್ಲಿ ಒಬ್ಬರು ದನ ಅಟ್ಟುತ್ತಿದ್ದರು.

"ಜೊಂಡೆಲ್ಲಿ ಬಂತಣ್ಣ? ನೀರು ಇಳ್ದ್ ಮ್ಯಾಕೆ ನಾವೇ ಹುಳ್ಳಿ ಚೆಲ್ಲಿದ್ದು ಕಣಣ್ಣ," ಅಂದರು.

ಬಗ್ಗಿ ನೋಡಿದೆ. ಬಿರುಕು ಬಿಟ್ಟ ಕಪ್ಪು ಮೆಕ್ಕಲು, ಬಿರುಕಿನೊಳಗೆ ಬಿಳಿಚಿದ ಸಣ್ಣ ಚಿಪ್ಪು, ಅದರ ಮೇಲೆಲ್ಲ ಹುರುಳಿ ಬಳ್ಳಿ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ತಮ್ಮ ಜಾಗ ಯಾವುದು ಅಂತ ಕೇಳಿದರು. ಸೆಂಟಿನೆಲ್ ಚಿತ್ರದ ಒಂದು ಚುಕ್ಕೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಹೆಚ್ಚುಕಮ್ಮಿ ಒಂದು ಗುಂಟೆ. ನಲವತ್ತು ಚುಕ್ಕೆ ಸೇರಿದರೆ ಒಂದು ಎಕರೆ. ಹಾಗಂದ ತಕ್ಷಣ ಅವರು ಬೆರಳಿಟ್ಟು ಎಣಿಸಲು ಶುರು ಮಾಡಿದರು. ಹಳೆಯ ವರ್ಷಗಳಿಗೆ ಬೇಕಾಗುವ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಒಂದು ಚುಕ್ಕೆಯೇ ಒಂಬತ್ತು ಗುಂಟೆ. ಕಿರಿದಾದ ಕಾಂಡ್ಲಾ ಸಾಲು ಅದರಲ್ಲಿ ಕಳೆದೇಹೋಗುತ್ತದೆ.

ಆವತ್ತಿಂದ, ನೆಲಕ್ಕೆ ಹೋಗಿ ನೋಡದ ಹಸಿರಿಗೆ ಹೆಸರು ಬರೆಯುವುದನ್ನು ಬಿಟ್ಟಿದ್ದೇನೆ. ಪ್ರಶ್ನೆ ಗುರುತು ಹಾಕಿ ಇಡುತ್ತೇನೆ.

ಮಳೆಗಾಲದಲ್ಲಿ ಕರಾವಳಿಯ ಚಿತ್ರ ಬರೀ ಮೋಡ. ಆಗ ಸೆಂಟಿನೆಲ್-1ರ ರೇಡಾರ್ ಚಿತ್ರಗಳೇ ಗತಿ. ಅದಕ್ಕೆ ಮೋಡ ಅಡ್ಡ ಬರುವುದಿಲ್ಲ. ನಿಂತ ನೀರು ಕಪ್ಪಗೆ ಕಾಣುತ್ತದೆ, ಗಾಳಿಗೆ ಅಲೆ ಎದ್ದರೆ ಬೆಳ್ಳಗಾಗಿ ಗೊಂದಲ ಮಾಡುತ್ತದೆ. ಹಾಗಾಗಿ ನಾನು ಜಾಸ್ತಿ ನಂಬುವುದು ನವೆಂಬರಿನಿಂದ ಮಾರ್ಚ್‌ವರೆಗಿನ ಚಿತ್ರಗಳನ್ನೇ.

ಈಗ ಅಘನಾಶಿನಿಗೆ ಮರಳಿದ್ದೇನೆ. ಕಟ್ಟೆಯ ಅಡಿ ಲೆಕ್ಕದ ಜಾಗದಲ್ಲಿ ಭರತ-ಇಳಿತದ ಪಟ್ಟಿ. ಒಂದೇ ತಿಂಗಳು, ಹತ್ತಿರ ಹತ್ತಿರ ಒಂದೇ ಮಟ್ಟದ ನೀರು ಇರುವ ಚಿತ್ರ ವರ್ಷಕ್ಕೆ ಒಂದೋ ಎರಡೋ ಸಿಗುತ್ತವೆ, ಉಳಿದದ್ದನ್ನು ಬದಿಗಿಡುತ್ತೇನೆ. ಹೀಗೆ ಸೋಸಿದ ಮೇಲೆ ಅಂದು ನನ್ನನ್ನು ಹೆದರಿಸಿದ ದಿಬ್ಬ ಪ್ರತಿವರ್ಷವೂ ತನ್ನ ಜಾಗದಲ್ಲೇ ಇದೆ. ಬದಲಾಗಿರುವುದು ಒಂದು ಗಜನಿಯ ಒಡ್ಡಿನ ಬದಿ. ಅಲ್ಲಿ ವರ್ಷಕ್ಕೆ ಒಂದೆರಡು ಚುಕ್ಕೆಯಂತೆ ಹಸಿರು ಒಳಕ್ಕೆ ಸರಿಯುತ್ತಿದೆ. ಒಡ್ಡು ಒಡೆದು ಉಪ್ಪುನೀರು ನುಗ್ಗಿ ಕಾಂಡ್ಲಾ ತಾನಾಗಿ ಬಂತಾ, ಯಾರಾದರೂ ನೆಟ್ಟರಾ, ಅಥವಾ ಇದು ಬೇರೆ ಏನಾದರೂ ಬೆಳೆಯಾ? ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದ್ದೇನೆ. ಮುಂದಿನ ತಿಂಗಳು ಬೆಳಗ್ಗೆ ಇಳಿತ ಇರುವ ಎರಡು ದಿನ ಹುಡುಕಿ ಕುಮಟೆಗೆ ಬಸ್ ಟಿಕೆಟ್ ತೆಗೆದಿದ್ದೇನೆ.